ಅಸಲಿ ನೋಡದವರಿಗೂ ನಗು ಬರಬೇಕು

ಕಾರ್ಟೂನ್ ಕಾಮಿಡಿಯಲ್ಲಿ ಸೂಪರ್‌ಹೀರೋಗಳ ಅಣಕ ಬಂದಾಗ ಜನ ಎರಡು ಥರ ನಗುತ್ತಾರೆ. ಒಂದು ಹೊಟ್ಟೆ ಹಿಡಿದುಕೊಂಡು ನಗುವ ನಗು. ಇನ್ನೊಂದು 'ಓ, ಇದು ಎಲ್ಲಿಂದ ಎತ್ತಿದ್ದು ಅಂತ ನಂಗೊತ್ತು' ಅನ್ನುವ ನಗು. ಎರಡನೆಯದು ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ. ಹೆಸರು ಕೂಗಿದರು, ನಾವು 'ಎಸ್ ಸಾರ್' ಅಂದೆವು, ಮುಗೀತು. ಅದರಲ್ಲಿ ಜೋಕ್ ಎಲ್ಲಿದೆ ಹೇಳಿ?

ಇತ್ತೀಚೆಗೆ ಈ ಹಾಜರಿ ಸ್ವಲ್ಪ ಜಾಸ್ತಿಯೇ ಆಗಿದೆ. ಹಿಂದಿನ ಗೋಡೆಯ ಮೇಲೆ ಒಂದು ಪೋಸ್ಟರ್, ಮೂಲೆಯಲ್ಲಿ ಯಾರದೋ ಗುರಾಣಿ, ನಡುವೆ ಯಾವುದೋ ಸಿನಿಮಾದ ಡೈಲಾಗ್. ಅಷ್ಟೇ. ನೋಡುವವರು ಅಲ್ಲೇ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಬಾಣದ ಗುರುತು ಹಾಕಿ ಹಂಚುತ್ತಾರೆ. ಆ ಚಟ ನನಗೂ ಇದೆ, ಇಲ್ಲ ಅನ್ನಲ್ಲ. ಆದರೆ ಅದನ್ನು ಕಾಮಿಡಿ ಅಂತ ಕರೆಯಲು ಮನಸ್ಸು ಬರುವುದಿಲ್ಲ.

ನನ್ನ ಪರೀಕ್ಷೆ ಸುಲಭ. ಅಸಲಿ ನೋಡದವರಿಗೂ ನಗು ಬರುತ್ತಾ?

'ಸ್ಪಾಂಜ್‌ಬಾಬ್' ಕಾರ್ಟೂನಿನಲ್ಲಿ ಮರ್ಮೇಡ್ ಮ್ಯಾನ್ ಮತ್ತು ಬಾರ್ನಕಲ್ ಬಾಯ್ ಅಂತ ಇಬ್ಬರು ಬರುತ್ತಾರಲ್ಲ, ಅವರನ್ನು ನೋಡಿದಾಗ ನನಗೆ ಅವರ ಅಸಲಿಯಾದ ಸಮುದ್ರದ ಹೀರೋ ಆಕ್ವಾಮ್ಯಾನ್ ಯಾರು ಅಂತಲೇ ಗೊತ್ತಿರಲಿಲ್ಲ. ಆದರೂ ಬಿದ್ದು ಬಿದ್ದು ನಕ್ಕಿದ್ದೆ. ಇಬ್ಬರೂ ರಿಟೈರ್ ಆಗಿ ವೃದ್ಧಾಶ್ರಮ ಸೇರಿದ ಹಳೇ ಹೀರೋಗಳು. 'ಈವಿಲ್' ಅನ್ನುವ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಮರ್ಮೇಡ್ ಮ್ಯಾನ್ ಹುಚ್ಚೆದ್ದು ಕಿರುಚಾಡುತ್ತಾನೆ. ಬಾರ್ನಕಲ್ ಬಾಯ್‌ಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ, ಯಾಕೆಂದರೆ ಇಷ್ಟು ವಯಸ್ಸಾದರೂ ಜನ ಅವನನ್ನು ಇನ್ನೂ 'ಬಾಯ್' ಅಂತಲೇ ಕರೆಯುತ್ತಾರೆ. ಅವರ ಹತ್ತಿರ ಕಣ್ಣಿಗೆ ಕಾಣದ ಒಂದು ವಾಹನ ಬೇರೆ ಇದೆ. ಅದನ್ನು ಎಲ್ಲಿ ನಿಲ್ಲಿಸಿದ್ದೀವಿ ಅಂತ ಹುಡುಕುವುದೇ ಅವರಿಗೆ ದೊಡ್ಡ ಸಾಹಸ. ವಂಡರ್ ವುಮನ್‌ಗೆ ಕಣ್ಣಿಗೆ ಕಾಣದ ವಿಮಾನ ಇತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಗೊತ್ತಾದಾಗ ಜೋಕ್ ಇನ್ನೊಂದು ಸುತ್ತು ದಪ್ಪ ಆಯಿತು, ಅಷ್ಟೇ. ಮೊದಲೇನೂ ಖಾಲಿ ಇರಲಿಲ್ಲ.

ಅದರೊಳಗೆ ಇನ್ನೂ ಒಂದು ಪದರ ಇದೆ. ಆ ಇಬ್ಬರಿಗೆ ದನಿ ಕೊಟ್ಟವರು ಅರ್ನೆಸ್ಟ್ ಬೋರ್ಗ್ನೈನ್ ಮತ್ತು ಟಿಮ್ ಕಾನ್ವೇ. 1962ರಿಂದ 1966ರವರೆಗೆ ಅಮೆರಿಕದ ಟಿವಿಯಲ್ಲಿ ಬರುತ್ತಿದ್ದ ನೌಕಾಪಡೆಯ ಕಾಮಿಡಿಯೊಂದರಲ್ಲಿ ಇವರು ಒಟ್ಟಿಗೆ ನಟಿಸಿದ್ದವರು. ಅಂದರೆ ಮಕ್ಕಳು ಇಬ್ಬರು ಮುದುಕರ ಜಗಳ ನೋಡಿ ನಗುತ್ತಿದ್ದರೆ, ಪಕ್ಕದಲ್ಲಿ ಕೂತ ಅಜ್ಜನಿಗೆ ಕೇಳುತ್ತಿದ್ದದ್ದು ತನ್ನ ಕಾಲದ ಜೋಡಿಯ ದನಿ. ಗೊತ್ತಿಲ್ಲದವರಿಗೆ ಏನೂ ನಷ್ಟವಿಲ್ಲ. ರೆಫರೆನ್ಸ್ ಅಂದರೆ ಹೀಗಿರಬೇಕು.

ಸೂಪರ್‌ಹೀರೋಗಳನ್ನು ಗೇಲಿ ಮಾಡುವುದು ಈಗಿನ ಚಾಳಿ, ಅತಿಯಾದ ಸಿನಿಮಾಗಳಿಂದ ಬೇಸತ್ತು ಹುಟ್ಟಿದ್ದು ಅಂತ ಕೆಲವರು ಹೇಳುತ್ತಾರೆ. ಇಲ್ಲಪ್ಪ. ಸೂಪರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಬಂದಿದ್ದು 1938ರಲ್ಲಿ, ಕಾರ್ಟೂನ್ ಆಗಿದ್ದು 1941ರಲ್ಲಿ. 1942ಕ್ಕೇ ಟೆರಿಟೂನ್ಸ್ ಅನ್ನುವ ಕಾರ್ಟೂನ್ ಸ್ಟುಡಿಯೋದವರು ಬೆನ್ನ ಹಿಂದೆ ಹಾರುವ ಕೇಪ್ ತೊಟ್ಟ ಒಂದು ಇಲಿಯನ್ನು ಹಾರಿಸಿಬಿಟ್ಟರು. ಮೊದಲು ಅದರ ಹೆಸರು ಸೂಪರ್ ಮೌಸ್, ಆಮೇಲೆ ಮೈಟಿ ಮೌಸ್. ಮರುವರ್ಷ ಬಗ್ಸ್ ಬನಿ ಕ್ಯಾರೆಟ್ ತಿಂದು 'ಸೂಪರ್ ರ‍್ಯಾಬಿಟ್' ಆದ. ಅಸಲಿಗೂ ಅಣಕಕ್ಕೂ ನಡುವೆ ನಾಲ್ಕೇ ವರ್ಷ! ಅದು ಸಹಜವೇ ಅಲ್ವಾ. ಒಬ್ಬ ಗಂಡಸು ಕನ್ನಡಕ ತೆಗೆದರೆ ಯಾರಿಗೂ ಗುರುತು ಸಿಗುವುದಿಲ್ಲ ಅಂತ ಗಂಭೀರವಾಗಿ ಹೇಳುವ ಕಥೆಯನ್ನು ಎಷ್ಟು ದಿನ ಸುಮ್ನೆ ಕೇಳಿಸಿಕೊಳ್ಳುವುದು?

ಒಳ್ಳೆಯ ಅಣಕ ಕೈ ಹಾಕುವುದು ಇಂಥ ನಿಯಮಗಳಿಗೇ. ಯಾವ ಹೀರೋ, ಯಾವ ಸಿನಿಮಾ ಅನ್ನುವುದು ಅದಕ್ಕೆ ಅಷ್ಟು ಮುಖ್ಯವಲ್ಲ. 2004ರ 'ದಿ ಇನ್‌ಕ್ರೆಡಿಬಲ್ಸ್' ಸಿನಿಮಾ ತೆಗೆದುಕೊಳ್ಳಿ. ಸೂಪರ್‌ಹೀರೋಗಳಿಗೆ ಬಟ್ಟೆ ಹೊಲಿಯುವ ಎಡ್ನಾ ಮೋಡ್ ಕೇಪ್ ಹಾಕಲು ಸುತಾರಾಂ ಒಪ್ಪುವುದಿಲ್ಲ. ಯಾಕೆ ಅಂತ ಉದಾಹರಣೆ ಸಮೇತ ಹೇಳುತ್ತಾಳೆ. ಒಬ್ಬನ ಕೇಪ್ ಮಿಸೈಲಿನ ರೆಕ್ಕೆಗೆ ಸಿಕ್ಕಿಕೊಂಡಿತು, ಒಬ್ಬಳನ್ನು ವಿಮಾನದ ಇಂಜಿನ್ ಎಳೆದುಕೊಂಡಿತು, ಇನ್ನೊಬ್ಬನದು ಲಿಫ್ಟಿಗೆ ಸಿಕ್ಕಿತು. ಅಪಘಾತದ ವರದಿ ಓದಿದ ಹಾಗೆ ಒಂದೊಂದೇ ಹೆಸರು, ನಡುನಡುವೆ ಇಸವಿ. ಆ ಹೀರೋಗಳು ಬೇರೆ ಕಥೆಯಿಂದ ಬಂದವರಲ್ಲ, ಎಲ್ಲ ಈ ಸಿನಿಮಾಗೇ ಹುಟ್ಟಿದವರು. ಆದ್ದರಿಂದ ಗೊತ್ತಿರುವವರು, ಗೊತ್ತಿಲ್ಲದವರು ಅನ್ನುವ ಭೇದವೇ ಇಲ್ಲಿ ಬರುವುದಿಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೂ ಒಳ್ಳೇ ಜೋಕೇ. ಆದರೆ ಕೊನೆಯಲ್ಲಿ ವಿಲನ್ ಸಾಯುವುದೂ ಅವನ ಕೇಪ್ ವಿಮಾನದ ಇಂಜಿನ್‌ಗೆ ಸಿಕ್ಕಿಯೇ. ನಗಿಸಲು ಬಂದ ಮಾತು ಕಥೆಯ ಕೆಲಸವನ್ನೂ ಮಾಡಿಕೊಟ್ಟು ಹೋಯಿತು. ಅಂದಹಾಗೆ ಎಡ್ನಾಗೆ ದನಿ ಕೊಟ್ಟಿದ್ದು ಸಿನಿಮಾದ ನಿರ್ದೇಶಕ ಬ್ರಾಡ್ ಬರ್ಡ್ ಅವರೇ.

'ದಿ ಸಿಂಪ್ಸನ್ಸ್' ಕಾರ್ಟೂನಿನ ಸೂಪರ್‌ಹೀರೋ ರೇಡಿಯೋಆಕ್ಟಿವ್ ಮ್ಯಾನ್ ಕೂಡ ಇದೇ ಜಾತಿ. 1995ರ ಎಪಿಸೋಡಿನಲ್ಲಿ ಅವನ ಕಥೆಯನ್ನು ಸಿನಿಮಾ ಮಾಡಲು ಒಂದು ತಂಡ ಊರಿಗೆ ಬರುತ್ತದೆ. ಆ್ಯಸಿಡ್ ಪ್ರವಾಹದ ಸೀನು. ಆ್ಯಸಿಡ್ ನಿಜವಾದದ್ದೇ, ಆದ್ದರಿಂದ ಹೀರೋಗೆ ಕಣ್ಣಿಗೆ ಕನ್ನಡಕ ಕೊಟ್ಟಿದ್ದಾರೆ. ಪ್ರವಾಹ ಬಂದು ಬಡಿಯುತ್ತದೆ. ಕನ್ನಡಕದಿಂದ ಏನೂ ಉಪಯೋಗವಾಗಲಿಲ್ಲ ಅಂತ ಅವನು ಒದ್ದಾಡುತ್ತಾ ಕೂಗುತ್ತಾನೆ. ಇಲ್ಲಿ ಗೇಲಿಯಾಗುತ್ತಿರುವುದು ಯಾವುದೋ ಒಂದು ಸಿನಿಮಾ ಅಲ್ಲ. ದುಡ್ಡು ಸುರಿದು, ಬುದ್ಧಿ ಉಳಿಸಿಕೊಳ್ಳುವ ಎಲ್ಲ ಶೂಟಿಂಗ್‌ಗಳೂ. ಅದೇ ಎಪಿಸೋಡಿನಲ್ಲಿ ರೇಡಿಯೋಆಕ್ಟಿವ್ ಮ್ಯಾನ್‌ನ ಹಳೇ ಟಿವಿ ಸೀರಿಯಲ್ಲಿನ ತುಣುಕೊಂದು ಬರುತ್ತದೆ. ಹೊಡೆದಾಟದ ಮಧ್ಯೆ ಪರದೆ ತುಂಬ ಅರ್ಥವಿಲ್ಲದ ಪದಗಳು ಚಿಮ್ಮುತ್ತವೆ. ಅದು 1966ರ ಬ್ಯಾಟ್‌ಮ್ಯಾನ್ ಸೀರಿಯಲ್ಲಿನ ನೇರ ಅಣಕ. ಆ ಸೀರಿಯಲ್ಲೇ ಒಂದು ತಮಾಷೆ ಅನ್ನುವುದು ಬೇರೆ ಮಾತು. ವಿಲನ್‌ಗಳ ಅಡ್ಡೆ ತೋರಿಸುವಾಗ ಕ್ಯಾಮೆರಾವನ್ನೇ ಓರೆ ಇಟ್ಟು ತೆಗೆದವರು ಅವರು!

ಆ ಸೀರಿಯಲ್ ಅಂದ ಮೇಲೆ ಆಡಂ ವೆಸ್ಟ್ ಬಗ್ಗೆ ಹೇಳದೆ ಇರಲಾಗದು. ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಅವರದೇ.

1966ರಿಂದ 1968ರವರೆಗೆ ಅವರು ಬ್ಯಾಟ್‌ಮ್ಯಾನ್. 120 ಎಪಿಸೋಡ್. ಆಮೇಲೆ ಬೇರೆ ಪಾತ್ರ ಸಿಗುವುದೇ ಕಷ್ಟವಾಯಿತು. ಎಲ್ಲಿ ಹೋದರೂ ಆ ಮುಖವಾಡ ಹಿಂದೆಯೇ ಬರುತ್ತಿತ್ತು. 1992ರಲ್ಲಿ ಬಂದ ಬ್ಯಾಟ್‌ಮ್ಯಾನ್ ಅನಿಮೇಟೆಡ್ ಸೀರಿಯಲ್ಲಿನ ಒಂದು ಎಪಿಸೋಡಿನಲ್ಲಿ ಅವರನ್ನು ಕರೆದು ಸೈಮನ್ ಟ್ರೆಂಟ್ ಅನ್ನುವ ಪಾತ್ರಕ್ಕೆ ದನಿ ಕೊಡಿಸಿದರು. ಟ್ರೆಂಟ್ ಯಾರು? ಟಿವಿಯಲ್ಲಿ 'ಗ್ರೇ ಗೋಸ್ಟ್' ಅನ್ನುವ ಹೀರೋ ಆಗಿ ಹೆಸರು ಮಾಡಿ, ಆಮೇಲೆ ಕೆಲಸ ಸಿಗದೆ ಕೂತ ನಟ. ಅವನ ಸೀರಿಯಲ್ ನೋಡಿ ಬೆಳೆದ ಹುಡುಗನೇ ಬ್ರೂಸ್ ವೇನ್, ಅಂದರೆ ಬ್ಯಾಟ್‌ಮ್ಯಾನ್. ಅಂದರೆ ಹಳೇ ಬ್ಯಾಟ್‌ಮ್ಯಾನ್‌ಗೆ ಹೊಸ ಬ್ಯಾಟ್‌ಮ್ಯಾನ್ 'ನಾನು ನಿಮ್ಮನ್ನೇ ನೋಡಿ ಬೆಳೆದವನು' ಅಂತ ಹೇಳುವ ಕಥೆ ಅದು. ಅದು ಕಾಮಿಡಿ ಅಲ್ಲ ಬಿಡಿ. ಆದರೆ ರೆಫರೆನ್ಸ್ ಅನ್ನುವುದು ಗೇಲಿಗೆ ಮಾತ್ರ ಅಲ್ಲ, ಕೃತಜ್ಞತೆಗೂ ಬರುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅದೇ ವರ್ಷ ಅವರು 'ಸಿಂಪ್ಸನ್ಸ್'ನಲ್ಲಿ ತಮ್ಮದೇ ಪಾತ್ರ ಮಾಡಿದರು. ಕಾರ್ ಪ್ರದರ್ಶನವೊಂದರಲ್ಲಿ ನಿಂತು ತಾನೇ ಅಸಲಿ ಬ್ಯಾಟ್‌ಮ್ಯಾನ್ ಅಂತ ಹೇಳಿಕೊಂಡರೂ ಎದುರಿಗಿರುವ ಮಕ್ಕಳಿಗೆ ಅವರ ಗುರುತೇ ಇಲ್ಲ.

2000ದಿಂದ 2017ರಲ್ಲಿ ತೀರಿಕೊಳ್ಳುವವರೆಗೆ 'ಫ್ಯಾಮಿಲಿ ಗೈ' ಕಾರ್ಟೂನಿನಲ್ಲಿ ಅವರು ಮೇಯರ್. ಪಾತ್ರದ ಹೆಸರೂ ಆಡಂ ವೆಸ್ಟ್. ಆದರೆ ಮಜಾ ಇರುವುದು ಅವನ ತಲೆ ಓಡುವ ರೀತಿಯಲ್ಲಿ. ತನ್ನ ನೀರನ್ನು ಯಾರೋ ಕದಿಯುತ್ತಿದ್ದಾರೆ ಅಂತ ಅವನಿಗೆ ಅನುಮಾನ, ಅದಕ್ಕೆ ಪತ್ತೇದಾರಿ ಬೇರೆ. ಬ್ಯಾಟ್‌ಮ್ಯಾನ್ ಹೆಸರೇ ಕೇಳದವರೂ ಆ ಮೇಯರ್‌ಗೆ ನಗಬಹುದು.

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕು, ಹಾಜರಿ ಕರೆಯುವುದರಲ್ಲೂ 'ಫ್ಯಾಮಿಲಿ ಗೈ' ಮುಂದೆ. ಕಥೆ ನಡೆಯುತ್ತಿರುತ್ತದೆ, ಯಾರೋ 'ಇದು ಆವತ್ತು ಹೀಗಾಗಿತ್ತಲ್ಲ, ಅದಕ್ಕಿಂತ ಕೆಟ್ಟದು' ಅನ್ನುತ್ತಾರೆ, ಪಟ್ಟನೆ ಸಂಬಂಧವೇ ಇಲ್ಲದ ಒಂದು ತುಣುಕು ಬರುತ್ತದೆ, ಹೋಗುತ್ತದೆ. ಕೆಲವು ತುಣುಕು ಚೆನ್ನಾಗಿರುತ್ತವೆ. ಬಹಳಷ್ಟು ಹಳೇ ಜಾಹೀರಾತಿನದೋ ಸೀರಿಯಲ್ಲಿನದೋ ನೆನಪು ಮಾಡಿಕೊಟ್ಟು ಸುಮ್ಮನಾಗುತ್ತವೆ. 2006ರಲ್ಲಿ 'ಸೌತ್ ಪಾರ್ಕ್' ಅನ್ನುವ ಇನ್ನೊಂದು ಕಾರ್ಟೂನಿನವರು ಇದಕ್ಕೆ ಮರ್ಮಕ್ಕೆ ತಾಗುವಂಥ ಏಟು ಕೊಟ್ಟರು. ಅವರ ಪ್ರಕಾರ 'ಫ್ಯಾಮಿಲಿ ಗೈ'ನ ಜೋಕ್ ಬರೆಯುವುದು ನೀರಿನ ತೊಟ್ಟಿಯಲ್ಲಿರುವ ಮ್ಯಾನಟಿಗಳು. ಒಂದೊಂದು ಚೆಂಡಿನ ಮೇಲೆ ಒಂದೊಂದು ಪದ. ಆ ದಪ್ಪ ಪ್ರಾಣಿಗಳು ಯಾವ ಯಾವ ಚೆಂಡನ್ನು ಮೂತಿಯಿಂದ ತಳ್ಳುತ್ತವೋ ಅವೆಲ್ಲ ಸೇರಿ ಒಂದು ಜೋಕ್!

'ಸೌತ್ ಪಾರ್ಕ್'ಗೆ ಒಂದು ಅನುಕೂಲವೂ ಇದೆ. ಒಂದು ಎಪಿಸೋಡನ್ನು ಅವರು ಹೆಚ್ಚಾಗಿ ಆರು ದಿನದಲ್ಲಿ ಮುಗಿಸುತ್ತಾರೆ, ಬೇರೆಯವರಿಗೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಉಳಿದವರ ರೆಫರೆನ್ಸ್ ತೆರೆಗೆ ಬರುವಷ್ಟರಲ್ಲಿ ಹಳಸಿರುತ್ತದೆ. ಆದರೆ ನನಗೆ ಅವರ ಬಿಸಿ ಬಿಸಿ ಎಪಿಸೋಡುಗಳಿಗಿಂತ 2002ರ ಒಂದು ಎಪಿಸೋಡ್ ಇಷ್ಟ. ಅದರಲ್ಲಿ ಬಟರ್ಸ್ ಅನ್ನುವ ಪಾಪದ ಹುಡುಗ 'ಪ್ರೊಫೆಸರ್ ಕೇಯಾಸ್' ಅಂತ ಹೆಸರಿಟ್ಟುಕೊಂಡು ಸೂಪರ್‌ವಿಲನ್ ಆಗಿದ್ದಾನೆ. ಊರು ಹಾಳು ಮಾಡಲು ತಲೆ ಕೆಡಿಸಿಕೊಂಡು ಒಂದು ಉಪಾಯ ಹೂಡುತ್ತಾನೆ. 'ಇದನ್ನು ಸಿಂಪ್ಸನ್ಸ್‌ನಲ್ಲಿ ಆಗಲೇ ಮಾಡಿದ್ದಾರೆ' ಅನ್ನುತ್ತಾನೆ ಅವನ ಸಹಾಯಕ. ಇನ್ನೊಂದು ಹೂಡುತ್ತಾನೆ. ಅದೂ ಆಗಿದೆ. ಕೊನೆಗೆ ಹುಡುಗನಿಗೆ ತಲೆ ಕೆಟ್ಟು ಊರಿನವರೆಲ್ಲ ಹಳದಿ ಬಣ್ಣದ ಸಿಂಪ್ಸನ್ಸ್ ಥರವೇ ಕಾಣತೊಡಗುತ್ತಾರೆ. ಆಗ ಉಳಿದವರು ಸಮಾಧಾನ ಹೇಳುತ್ತಾರೆ, ಸಿಂಪ್ಸನ್ಸ್‌ನವರೂ ಹಳೇ 'ಟ್ವೈಲೈಟ್ ಝೋನ್' ಟಿವಿ ಸೀರಿಯಲ್‌ನಿಂದ ಎತ್ತಿದವರೇ ಅಂತ. ಹೊಸದು ಮಾಡಬೇಕು ಅಂತ ಹೊರಟವರ ಸಂಕಟ ಇದಕ್ಕಿಂತ ಚೆನ್ನಾಗಿ ಎಲ್ಲಿ ಬಂದಿದೆ?

ಇನ್ನು 'ದಿ ಟಿಕ್'. ಬೆನ್ ಎಡ್ಲಂಡ್ ಅವರ ಈ ನೀಲಿ ದೈತ್ಯನ ಕಾರ್ಟೂನ್ 1994ರಲ್ಲಿ ಶುರುವಾಗಿ 1996ಕ್ಕೆ, 36 ಎಪಿಸೋಡಿಗೆ, ಮುಗಿದುಹೋಯಿತು. ಅನ್ಯಾಯ. ಮೈ ತುಂಬ ಬಲ, ತಲೆ ತುಂಬ ಗಾಳಿ. ಯುದ್ಧಕ್ಕೆ ಹೊರಡುವಾಗ ಅವನ ಘೋಷಣೆ 'ಸ್ಪೂನ್!' ಅವನ ಜೊತೆಗಾರ ಆರ್ಥರ್ ಮೊದಲು ಲೆಕ್ಕಪತ್ರ ಬರೆಯುತ್ತಿದ್ದವನು. ಚೇರ್‌ಫೇಸ್ ಚಿಪ್ಪೆಂಡೇಲ್ ಅನ್ನುವ ವಿಲನ್‌ಗೆ ತಲೆಯ ಜಾಗದಲ್ಲಿ ಕುರ್ಚಿ. ಚಿಪ್ಪೆಂಡೇಲ್ ಅನ್ನುವುದು 18ನೇ ಶತಮಾನದ ಒಬ್ಬ ಇಂಗ್ಲಿಷ್ ಪೀಠೋಪಕರಣ ತಯಾರಕರ ಹೆಸರು. ಆದರೆ ಅದು ಯಾರಿಗೆ ಬೇಕು? ತಲೆ ಕುರ್ಚಿ, ಸಾಕು! ಈ ಮಹಾಶಯ ಚಂದ್ರನ ಮೇಲೆ ಲೇಸರ್‌ನಿಂದ ತನ್ನ ಹೆಸರು ಕೆತ್ತಲು ಹೋಗುತ್ತಾನೆ. ಮೂರು ಅಕ್ಷರ ಕೆತ್ತುವಷ್ಟರಲ್ಲಿ ಸಿಕ್ಕಿಬೀಳುತ್ತಾನೆ. ಬೇರೆ ಕಾರ್ಟೂನಾಗಿದ್ದರೆ ಮುಂದಿನ ವಾರಕ್ಕೆ ಚಂದ್ರ ಸ್ವಚ್ಛ. ಇಲ್ಲಿ ಹಾಗಲ್ಲ, ಮುಂದಿನ ಎಪಿಸೋಡುಗಳಲ್ಲೂ ಚಂದ್ರ ಕಂಡಾಗ ಆ ಕೆತ್ತನೆಯ ಗುರುತು ಇರುತ್ತದೆ.

'ಶ್ರೆಕ್' ಸಿನಿಮಾಗಳು ನನ್ನ ಪರೀಕ್ಷೆಯಲ್ಲಿ ಒಮ್ಮೆ ಪಾಸು, ಒಮ್ಮೆ ಫೇಲು. 2001ರದ್ದರಲ್ಲಿ ರಾಜಕುಮಾರಿ ಫಿಯೋನಾ 'ಮೇಟ್ರಿಕ್ಸ್' ಸಿನಿಮಾ ಥರ ಗಾಳಿಯಲ್ಲಿ ನಿಂತಾಗ ಒಂದು ಸಲ ಕೂದಲು ಸರಿಮಾಡಿಕೊಂಡು ಆಮೇಲೆ ಒದೆಯುತ್ತಾಳೆ. ಕೂದಲು ಸರಿಮಾಡಿಕೊಂಡಿದ್ದಕ್ಕೆ ನಗು ಬರುತ್ತದೆ. 2004ರದ್ದರಲ್ಲಿ ಶ್ರೆಕ್ ತಲೆಕೆಳಗಾಗಿ ನೇತಾಡುತ್ತಾ ಸ್ಪೈಡರ್‌ಮ್ಯಾನ್ ಥರ ಮುತ್ತು ಪಡೆಯುತ್ತಾನೆ. ಅದು ಬರೀ ಹಾಜರಿ.

ನನ್ನ ಪರೀಕ್ಷೆಗೇ ಸವಾಲು ಹಾಕುವ ಜೋಕೂ ಇದೆ. 2018ರ 'ಟೀನ್ ಟೈಟನ್ಸ್ ಗೋ' ಸಿನಿಮಾದಲ್ಲಿ ಸ್ಲೇಡ್ ಅನ್ನುವ ವಿಲನ್ ಗತ್ತಿನಿಂದ ಬಂದು ನಿಲ್ಲುತ್ತಾನೆ. ಟೈಟನ್ಸ್ ಹುಡುಗರು ಅವನನ್ನು ಡೆಡ್‌ಪೂಲ್ ಅಂದುಕೊಳ್ಳುತ್ತಾರೆ. ಸ್ಲೇಡ್ ವಿಲ್ಸನ್ ಕಾಮಿಕ್ಸ್‌ಗೆ ಬಂದಿದ್ದು 1980ರಲ್ಲಿ. ಡೆಡ್‌ಪೂಲ್, ಅಂದರೆ ವೇಡ್ ವಿಲ್ಸನ್, ಬಂದಿದ್ದು 1991ರಲ್ಲಿ, ಇನ್ನೊಂದು ಕಂಪನಿಯಿಂದ. ಹೆಸರು ನೋಡಿದರೇ ಯಾರು ಯಾರ ನೆರಳು ಅಂತ ಗೊತ್ತಾಗುತ್ತದೆ. ಈಗ ಅಸಲಿಯನ್ನೇ ಜನ ನಕಲಿ ಅಂದುಕೊಳ್ಳುವ ಕಾಲ. ಇಷ್ಟೆಲ್ಲ ಗೊತ್ತಿದ್ದರೆ ಮಾತ್ರ ಪೂರ್ತಿ ಮಜಾ. ಅದೇ ಸಿನಿಮಾದಲ್ಲಿ ಸೂಪರ್‌ಮ್ಯಾನ್‌ಗೆ ದನಿ ನಿಕೋಲಸ್ ಕೇಜ್ ಅವರದು. ತೊಂಬತ್ತರ ದಶಕದಲ್ಲಿ ಅವರು ಸೂಪರ್‌ಮ್ಯಾನ್ ಆಗಬೇಕಿದ್ದ ಸಿನಿಮಾ ನಿಂತುಹೋಗಿತ್ತು. ಇದೂ ಗೊತ್ತಿರುವವರಿಗೇ ಮೀಸಲು. ಆದರೆ ಸ್ಲೇಡ್ ವಿಷಯದಲ್ಲಿ ನಾನು ಸ್ವಲ್ಪ ಸಡಿಲ ಬಿಡುತ್ತೇನೆ. ಭಯ ಹುಟ್ಟಿಸಲು ಅಷ್ಟು ತಯಾರಿ ಮಾಡಿಕೊಂಡು ಬಂದವನನ್ನು ಎದುರಿಗಿರುವವರು ಬೇರೆ ಯಾರೋ ಅಂದುಕೊಂಡರೆ, ಅವನ ಮುಖ ನೋಡಿ ಯಾರಿಗಾದರೂ ನಗು ಬರುತ್ತದೆ.

ಕೊನೆಗೆ ಬ್ಯಾಟ್‌ಮ್ಯಾನ್ ಕಥೆಗಳ ವಿಲನ್ ಬೇನ್. 2019ರಲ್ಲಿ ಶುರುವಾದ 'ಹಾರ್ಲಿ ಕ್ವಿನ್' ಕಾರ್ಟೂನ್ ಸೀರಿಯಲ್‌ನಲ್ಲಿ ಅವನ ದನಿ 2012ರ ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ಟಾಮ್ ಹಾರ್ಡಿ ಮಾತಾಡಿದ ಶೈಲಿಯ ಅಣಕ. ಅದು ಬರೀ ಮಿಮಿಕ್ರಿ ಅಂತ ನನ್ನ ಸ್ನೇಹಿತರೊಬ್ಬರ ವಾದ. ನಾನು ಒಪ್ಪುವುದಿಲ್ಲ. ದನಿ ಬಿಡಿ, ಅವನ ಕಷ್ಟ ನೋಡಿ. ಬೆಟ್ಟದಂಥ ಆಳು, ನಗರವನ್ನೇ ಸ್ಫೋಟಿಸಬಲ್ಲವನು, ಆದರೆ ಮೀಟಿಂಗಿನಲ್ಲಿ ಯಾರೂ ಅವನಿಗೆ ಮರ್ಯಾದೆ ಕೊಡುವುದಿಲ್ಲ, ಕೂರಲು ಸಿಕ್ಕಿದ್ದು ಎಲ್ಲರದಕ್ಕಿಂತ ಚಿಕ್ಕ ಕುರ್ಚಿ. ಅವನ ಗಮನವೆಲ್ಲ ಆ ಕುರ್ಚಿಯ ಮೇಲೆಯೇ. ಆ ಸಿನಿಮಾ ನೋಡದ ಯಾರಿಗಾದರೂ ಈ ಸೀನ್ ತೋರಿಸಿ, ನಕ್ಕರಾ ಇಲ್ಲವಾ ಅಂತ ಕಾಮೆಂಟಿನಲ್ಲಿ ಹೇಳಿ. ಸ್ನೇಹಿತರ ಜೊತೆ ಪಂದ್ಯ ಕಟ್ಟಿದ್ದೇನೆ.