ಎರಡು ದೆನಾರಿಯಸ್ ಕಾಳುಮೆಣಸು

"ಅಗೆಯೋದೇ ಆಗಿದ್ರೆ ಇಲ್ಲೇ ತೋಟದಲ್ಲಿ ಬೇಕಾದಷ್ಟಿತ್ತಲ್ಲೋ ಮಾರಾಯಾ!"

ರಜೆ ಹಾಕಿ, ಮೇಲಿಂದ ಕೈಯಿಂದಲೇ ದುಡ್ಡು ಕಟ್ಟಿ, ಎರಡು ವಾರ ಮಣ್ಣು ಕೆದಕಲು ಹೊರಟಿದ್ದೇನೆ ಅಂದಾಗ ಶಿರಸಿಯಿಂದ ಆಯಿ ಫೋನಿನಲ್ಲಿ ಹೇಳಿದ್ದು ಇಷ್ಟೇ.

ನಾನು ಹೋಗಿದ್ದು ಇಂಗ್ಲೆಂಡಿನ ಉತ್ತರದಲ್ಲಿರುವ ವಿಂಡೊಲಾಂಡಕ್ಕೆ, ಅಲ್ಲಿನ ಉತ್ಖನನದಲ್ಲಿ ಕೈಜೋಡಿಸಲು. ರೋಮನ್ ಸೈನಿಕರ ಕೋಟೆ ಅದು. ಕಾರ್‌ಬ್ರಿಜ್‌ನಿಂದ ಕಾರ್ಲೈಲ್‌ಗೆ ಅವರು ಹಾಕಿದ ರಸ್ತೆ ಪಕ್ಕದಲ್ಲೇ ಹೋಗುತ್ತದೆ. ಹೆಸರು ಸ್ಟೇನ್‌ಗೇಟ್, ಅಂದರೆ ಕಲ್ಲುದಾರಿ. ಆ ಕಾಲದ ಮೈಲಿಗಲ್ಲೊಂದು ನೆಟ್ಟ ಜಾಗದಲ್ಲೇ ಇನ್ನೂ ನಿಂತಿದೆ. ಹತ್ತಿರದಲ್ಲೇ ರೋಮನ್ ಚಕ್ರವರ್ತಿ ಹೇಡ್ರಿಯನ್ ಗಡಿಗೆ ಕಟ್ಟಿಸಿದ ಗೋಡೆಯ ಕೆಲಸ ಶುರುವಾಗಿದ್ದು ಕ್ರಿ.ಶ. 122ರಲ್ಲಿ. ರಸ್ತೆ ಅದಕ್ಕಿಂತ ಹಳೆಯದು.

ನನ್ನನ್ನು ಎಳೆದದ್ದು ಮಾತ್ರ ರಸ್ತೆಯಲ್ಲ. 1973ರಲ್ಲಿ ಇಲ್ಲಿ ತೆಳುವಾದ ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ಓಲೆಗಳು ಸಿಗತೊಡಗಿದವು. ಹುಟ್ಟುಹಬ್ಬಕ್ಕೆ ಬಾ ಅಂತ ಒಬ್ಬಾಕೆ ಗೆಳತಿಗೆ ಬರೆದದ್ದೂ ಇದೆ, ಸೈನಿಕರ ಕೈಸಾಲದ ಲೆಕ್ಕವೂ ಇದೆ. ಅಂಥ ಒಂದು ಲೆಕ್ಕದಲ್ಲಿ ಟಪ್ಪೋ ಎಂಬವನ ಮಗ ಗಂಬಾಕ್ಸ್‌ನ ಹೆಸರಿನ ಮುಂದೆ 'ಕಾಳುಮೆಣಸು, 2 ದೆನಾರಿಯಸ್' ಅಂತಿದೆ. ದೆನಾರಿಯಸ್ ಅಂದರೆ ರೋಮನ್ನರ ಬೆಳ್ಳಿ ನಾಣ್ಯ. ಆಗ ರೋಮನ್ನರಿಗೆ ಕಾಳುಮೆಣಸು ಹೋಗುತ್ತಿದ್ದುದು ಮಲಬಾರ್ ಕಡೆಯಿಂದ. ಮೆಣಸಿನ ಬಳ್ಳಿಯ ಕೆಳಗೇ ಬೆಳೆದವನಿಗೆ ಇದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗುತ್ತದಾ?

ಮೊದಲ ಮೂರು ದಿನ ಸಿಕ್ಕಿದ್ದು ಕಲ್ಲು, ಮಳೆ, ಮಂಡಿನೋವು. ಮಧ್ಯೆ ಒಂದು ತುಕ್ಕು ಹಿಡಿದ ಮೊಳೆ.

ನಾಲ್ಕನೆಯ ದಿನ ಕಪ್ಪು ಮಣ್ಣಿನ ಪದರ ಬಂತು. ಒದ್ದೆ, ಅಂಟು, ಗೊಬ್ಬರಗುಂಡಿಯಂಥ ವಾಸನೆ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಮೂಗು ಮುಚ್ಚುವ ಬದಲು ನಕ್ಕರು. ಗಾಳಿ ಹೋಗದ ಮಣ್ಣು ಇದು, ಇದರಲ್ಲಿ ಮರ, ಚರ್ಮ ಕೊಳೆಯುವುದಿಲ್ಲ ಅಂದರು. ಅರ್ಧ ಗಂಟೆಯಲ್ಲಿ ನನ್ನ ಕರಣೆಗೆ ಏನೋ ಮೆತ್ತಗೆ ತಾಗಿತು. ಓಲೆಯೇ ಅಂದುಕೊಂಡು ಎದೆ ಡವಡವ! ಕರಣೆ ಬಿಟ್ಟು ಬೆರಳಲ್ಲೇ ಮಣ್ಣು ಸರಿಸಿದೆ. ನೆನೆದ ಅಡಿಕೆಹಾಳೆಯ ತುಂಡಿನ ಹಾಗಿತ್ತು. ಎಳೆಯಲು ಹೋದವನನ್ನು ಮೇಲ್ವಿಚಾರಕಿ ಗದರಿಸಿದರು. ಅವರೇ ಬಂದು ಸುತ್ತಲಿನ ಮಣ್ಣು ಬಿಡಿಸಿ ಎತ್ತಿದರು.

ಚಪ್ಪಲಿಯ ಅಟ್ಟೆ. ನನ್ನ ಅಂಗೈಗಿಂತ ಚಿಕ್ಕದು. ಯಾವುದೋ ಮಗುವಿನದು.

ಇಲ್ಲಿ ಇಲ್ಲಿಯವರೆಗೆ 5,000ಕ್ಕೂ ಜಾಸ್ತಿ ಪಾದರಕ್ಷೆ ಸಿಕ್ಕಿವೆ, ಹಾಗಾಗಿ ಯಾರೂ ಕುಣಿದಾಡಲಿಲ್ಲ. ಒಣಗಿದರೆ ಮುದುರುತ್ತದೆ ಅಂತ ಒದ್ದೆಯಾಗಿಯೇ ಚೀಲಕ್ಕೆ ಹಾಕಿ ಚೀಟಿ ಬರೆದರು. ನಾನು ಮಾತ್ರ ಮಧ್ಯಾಹ್ನದ ಊಟಕ್ಕೂ ಏಳದೆ ಆ ಗುಂಡಿಯಲ್ಲೇ ಕೂತಿದ್ದೆ. ಜೋಡಿ ಅಟ್ಟೆ ಸಿಗಲಿಲ್ಲ.

ರಾತ್ರಿ ಆಯಿಗೆ ಎಲ್ಲ ಹೇಳಿದೆ. ಮಗುವಿನ ಚಪ್ಪಲಿಗೆ "ಪಾಪ" ಅಂದಳು. ಗಂಬಾಕ್ಸ್‌ನ ಸುದ್ದಿಗೆ ಕಿವಿ ನೆಟ್ಟಗಾಯಿತು.

"ಎರಡು ದುಡ್ಡು ಅಂದ್ರೆ, ಎಷ್ಟು ತೂಕಕ್ಕೆ?"

"ಅದು ಬರೆದಿಲ್ಲ ಆಯಿ."

"ತೂಕ ಬರೀದೆ ಅದೆಂಥ ಲೆಕ್ಕವೋ!"