ಮೈನರ್ ಆರಿಸುವ ಮುಂಚೆ

ಲಿಬರಲ್ ಆರ್ಟ್ಸ್ ಅಂದರೆ ಎಲ್ಲಾ ಸ್ವಲ್ಪ ಸ್ವಲ್ಪ ಅಂದುಕೊಂಡೇ ಶಿರಸಿ, ಕಾರವಾರದ ಎಷ್ಟೋ ಮಕ್ಕಳು ಅರ್ಜಿ ಹಾಕ್ತಾರೆ. ಹಾಗಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್ (ಓದಿನ ಭಾರದ ಅಳತೆ), ನಾಲ್ಕು ವರ್ಷದ ಆನರ್ಸ್‌ಗೆ 160. ಅದರಲ್ಲಿ ಅರ್ಧದಷ್ಟು ಮೇಜರ್‌ಗೇ, ಅಂದರೆ ಮುಖ್ಯ ವಿಷಯಕ್ಕೇ ಹೋಗುತ್ತೆ.

ಎಡವೋದು ಮೈನರ್‌ನಲ್ಲಿ, ಅಂದರೆ ಮೇಜರ್ ಜೊತೆಗೆ ಆರಿಸುವ ಎರಡನೇ ವಿಷಯದಲ್ಲಿ. ಗೆಳೆಯರು ತಗೊಂಡ್ರು ಅಂತ ಟಿಕ್ ಹಾಕಿದರೆ ಐದನೇ ಸೆಮಿಸ್ಟರ್ ಹೊತ್ತಿಗೆ ಎರಡು ವಿಷಯಕ್ಕೂ ಮಾತುಕತೆಯೇ ಇರಲ್ಲ. ಒಂದು ಪ್ರಶ್ನೆ ಹಿಡಿದು ಆರಿಸಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಂತಾಗ ಕಾರವಾರದ ಬೈತಖೋಲ ಬಂದರಿನಲ್ಲಿ ಬುಟ್ಟಿ ಹೊರುವವರ ಸಂಸಾರ ಹೇಗೆ ನಡೆಯುತ್ತೆ? ಇದಕ್ಕೆ ಅರ್ಥಶಾಸ್ತ್ರ ಬೇಕು, ಸಮಾಜಶಾಸ್ತ್ರ ಬೇಕು, ಮೀನು ಮೊಟ್ಟೆಯಿಡುವ ಕಾಲದ ಲೆಕ್ಕವೂ ಬೇಕು. ಸಂಖ್ಯಾಶಾಸ್ತ್ರದ ಒಂದು ಪೇಪರಾದ್ರೂ ಇರಲಿ ಮಾರಾಯ್ರೆ, ಅದಿಲ್ಲದ ಸರ್ವೆ ಬರೀ ಪಟ್ಟಾಂಗ.

ರಾಜ್ಯದ ವಿವಿಗಳಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ. ನಾಲ್ಕು ವರ್ಷದ್ದೇ ಬೇಕಿದ್ದರೆ ಕೇಂದ್ರೀಯ ಅಥವಾ ಖಾಸಗಿ ವಿವಿ ನೋಡಬೇಕು. ಕೇಂದ್ರೀಯ ವಿವಿಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಯ ಫಾರ್ಮ್ ತುಂಬುವಾಗ ನಿಮಗೆ ಬೇಕಾದ ಕೋರ್ಸ್ ಯಾವ ವಿಷಯದ ಪರೀಕ್ಷೆ ಕೇಳುತ್ತೆ ಅಂತ ಮೊದಲೇ ನೋಡಿ. ವಿಷಯ ತಪ್ಪಿದರೆ ಅಂಕ ಎಷ್ಟೇ ಬಂದರೂ ಸೀಟಿಲ್ಲ.