ವಿಟೆರ್ಬೊ: ಸೂರು ಕಿತ್ತ ಅರಮನೆ

ರೋಮ್‌ಗೆ ಹೋದವರು ಸಾಮಾನ್ಯವಾಗಿ ವ್ಯಾಟಿಕನ್ ನೋಡಿಕೊಂಡು ವಾಪಸ್ ಬಂದುಬಿಡುತ್ತಾರೆ. ಇನ್ನೊಂದು ದಿನ ಕೈಲಿದ್ದರೆ ಉತ್ತರದ ರೈಲು ಹತ್ತಿ ವಿಟೆರ್ಬೊದಲ್ಲಿ ಇಳಿಯಿರಿ. ಕಾರ್ಡಿನಲ್‌ಗಳನ್ನು, ಅಂದರೆ ಪೋಪರನ್ನು ಆರಿಸುವ ಹಿರಿಯ ಧರ್ಮಗುರುಗಳನ್ನು, ಒಳಗೆ ಕೂರಿಸಿ ಬೀಗ ಹಾಕಿ ಪೋಪ್ ಆರಿಸುವ ಪದ್ಧತಿ ಬೇರು ಬಿಟ್ಟಿದ್ದು ಇಲ್ಲೇ.

ಹಳೇ ಊರೆಲ್ಲ ಬೂದು ಕಲ್ಲು. ಇಕ್ಕಟ್ಟು ಓಣಿಗಳನ್ನು ದಾಟಿ ಸಾನ್ ಲೊರೆಂಜೊ ಚೌಕಕ್ಕೆ ಬಂದೆ. ಪ್ರಧಾನಾಲಯದ (ಊರಿನ ಮುಖ್ಯ ಚರ್ಚಿನ) ಪಕ್ಕದಲ್ಲೇ ಪೋಪರ ಅರಮನೆ. ಅಗಲವಾದ ಮೆಟ್ಟಿಲು ಹತ್ತಿದರೆ ಒಂದು ದೊಡ್ಡ ಹಜಾರ, ಎತ್ತರದ ಕಿಟಕಿಗಳು, ಅಷ್ಟೇ. ನೆಲದ ಕಲ್ಲಿನಲ್ಲಿ ಅಲ್ಲಲ್ಲಿ ತೂತುಗಳಿವೆ. ಕಾರ್ಡಿನಲ್‌ಗಳು ಡೇರೆಯ ಗೂಟ ನೆಟ್ಟ ಜಾಗ ಅಂತ ಇಲ್ಲಿಯವರು ಹೇಳುತ್ತಾರೆ. ಬಗ್ಗಿ ಒಂದರಲ್ಲಿ ಬೆರಳಿಟ್ಟು ನೋಡಿದೆ.

ಹಜಾರದೊಳಗೆ ಡೇರೆ ಯಾಕೆ? ಸೂರು ಇರಲಿಲ್ಲ. 1268ರ ನವೆಂಬರ್‌ನಲ್ಲಿ ಪೋಪ್ ನಾಲ್ಕನೇ ಕ್ಲೆಮೆಂಟ್ ಇದೇ ಊರಲ್ಲಿ ತೀರಿಕೊಂಡರು. ಕಾರ್ಡಿನಲ್‌ಗಳಲ್ಲಿ ಫ್ರಾನ್ಸ್ ಕಡೆಯವರದೊಂದು ಬಣ, ಇಟಲಿಯವರದೊಂದು. ತಿಂಗಳುಗಟ್ಟಲೆ ಎಳೆದಾಡಿದರು. ಕಾದು ಸಾಕಾದ ಊರಿನವರು ಅವರನ್ನು ಒಳಗೆ ಕೂಡಿಹಾಕಿದರು, ಊಟ ಕಡಿಮೆ ಮಾಡಿದರು, ಕೊನೆಗೆ ಸೂರನ್ನೇ ಕಿತ್ತರು. 1270ರ ಜೂನ್‌ನಲ್ಲಿ ಕಾರ್ಡಿನಲ್‌ಗಳೇ ಬರೆದ ಪತ್ರದಲ್ಲಿ 'ಸೂರಿಲ್ಲದ ಅರಮನೆಯಿಂದ' ಅಂತಿದೆ. ಕೆಲವರು ಆಯ್ಕೆ ಮುಗಿಯುವ ಮೊದಲೇ ಸತ್ತರು. 1271ರ ಸೆಪ್ಟೆಂಬರ್ 1ರಂದು ಆರು ಜನರ ಸಮಿತಿ ಒಂದು ಹೆಸರಿಗೆ ಒಪ್ಪಿತು: ತೆಯೊಬಾಲ್ಡೊ ವಿಸ್ಕೊಂತಿ. ಅವರು ಆ ಹಜಾರದಲ್ಲೇ ಇರಲಿಲ್ಲ. ಕಾರ್ಡಿನಲ್ ಅಲ್ಲ, ಪಾದ್ರಿಯಾಗುವ ದೀಕ್ಷೆಯೂ ಆಗಿರಲಿಲ್ಲ. ದೂರದ ಪವಿತ್ರ ನಾಡಿನ ಏಕರ್ (Acre) ಪಟ್ಟಣದಲ್ಲಿದ್ದರು.

ಹಸಿವಿಟ್ಟು ಒಪ್ಪಿಸಿದ್ದು ದೇವರ ಚಿತ್ತ ಹೇಗಾಗುತ್ತೆ ಅಂತ ಕೇಳುವವರಿದ್ದಾರೆ. ಆ ಬರಿದಾದ ಹಜಾರದಲ್ಲಿ ನಿಂತಾಗ ನನಗೆ ಬೇರೆಯೇ ಅನ್ನಿಸಿತು. ಹೊಸ ಪೋಪ್ ಬಂದಾಗಲೆಲ್ಲ 'ಪವಿತ್ರಾತ್ಮರೇ ಆರಿಸಿದರು' ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ತಮ್ಮ ಬಣದವನೇ ಆಗಬೇಕು ಅನ್ನುವ ಹಟ ಬಿಡದೆ ದೇವರ ಮಾತು ಕಿವಿಗೆ ಬೀಳುತ್ತಾ? ಇಲ್ಲಿ ಎರಡೂ ಬಣ ತಮ್ಮವನನ್ನು ಬಿಡಬೇಕಾಯಿತು. ಶಿಸ್ತು ಮಾಡಿದ ಕೆಲಸ ಅದು.

ಹತ್ತನೇ ಗ್ರೆಗೊರಿ ಅನ್ನುವ ಹೆಸರಲ್ಲಿ ಪೋಪ್ ಆದ ವಿಸ್ಕೊಂತಿ ಇದನ್ನು ಮರೆಯಲಿಲ್ಲ. 1274ರಲ್ಲಿ ಫ್ರಾನ್ಸಿನ ಲಿಯೊನ್‌ನಲ್ಲಿ ನಡೆದ ಚರ್ಚಿನ ಮಹಾಸಭೆಯಲ್ಲಿ ಕಾನೂನೇ ಮಾಡಿದರು: ಬೀಗ ಹಾಕಬೇಕು, ಮೂರು ದಿನ ಕಳೆದರೆ ಊಟಕ್ಕೆ ಒಂದೇ ಬಗೆ, ಇನ್ನೂ ಐದು ದಿನ ಎಳೆದರೆ ಬರೀ ರೊಟ್ಟಿ, ನೀರು, ದ್ರಾಕ್ಷಾರಸ. ಕಾರ್ಡಿನಲ್‌ಗಳಿಗೆ ಇದು ಹಿಡಿಸಲಿಲ್ಲ. 1276ರಲ್ಲಿ ರದ್ದಾಯಿತು. ರದ್ದು ಮಾಡಿದ ಪೋಪ್ ಇಪ್ಪತ್ತೊಂದನೇ ಜಾನ್ ಮರುವರ್ಷ ಇದೇ ಊರಲ್ಲಿ ಸೂರು ಕುಸಿದು ತೀರಿಕೊಂಡರು. ಅವರ ಸಮಾಧಿ ಪಕ್ಕದ ಪ್ರಧಾನಾಲಯದಲ್ಲಿದೆ. ಅದನ್ನು ದೇವರ ಶಿಕ್ಷೆ ಅನ್ನಲು ನನಗೆ ಮನಸ್ಸಿಲ್ಲ, ಪ್ರಾರ್ಥಿಸಿ ಬಂದೆ.

ಮುಂದೆ ಮತ್ತೆ ಎರಡು ವರ್ಷಕ್ಕೂ ಜಾಸ್ತಿ ಪೋಪರ ಪೀಠ ಖಾಲಿ ಬಿತ್ತು. 1294ರಲ್ಲಿ ಐದನೇ ಸೆಲೆಸ್ಟೈನ್ ಬೀಗದ ಕಾನೂನನ್ನು ವಾಪಸ್ ತಂದರು. ಊಟದ ಕಟ್ಟುಪಾಡು ಈಗಿಲ್ಲ, ಬಾಗಿಲು ಮುಚ್ಚುವ ಪದ್ಧತಿ ಇದೆ. 2025ರ ಮೇನಲ್ಲಿ ಎರಡೇ ದಿನಕ್ಕೆ ಆಯ್ಕೆ ಮುಗಿಯಿತು.